ಸಂದರ್ಶನದಲ್ಲಿ "ಮಕ್ಕಳ ಯೋಚನೆ ಇದೆಯೇ?" ಎಂದು ಕೇಳಿದರೆ ಏನು ಹೇಳಬೇಕು?

ಲೆಕ್ಕದ ಪುಸ್ತಕ:

ಲೆಕ್ಕಪತ್ರ ವಿಭಾಗದಲ್ಲಿ ನನಗೆ ಹನ್ನೊಂದು ವರ್ಷಗಳ ಅನುಭವವಿದೆ. ಕಳೆದ ವಾರ ಹಿರಿಯ ಲೆಕ್ಕಾಧಿಕಾರಿಯ ಹುದ್ದೆಯೊಂದರ ಸಂದರ್ಶನಕ್ಕೆ ಹೋಗಿದ್ದೆ. ಜಾಹೀರಾತಿನಲ್ಲಿ "ವಯಸ್ಸು 35 ಮೀರಿರಬಾರದು" ಎಂದಿತ್ತು. ನನಗೆ 34 ಆದ್ದರಿಂದ ಆ ಸಾಲನ್ನು ಓದಿ ಸುಮ್ಮನಾಗಿದ್ದೆ. ಮೂವರು ಕುಳಿತಿದ್ದರು. ಮೊದಲ ಇಪ್ಪತ್ತು ನಿಮಿಷ ಮಾತು ಚೆನ್ನಾಗಿಯೇ ನಡೆಯಿತು. ವರ್ಷಾಂತ್ಯದ ಲೆಕ್ಕ ಮುಗಿಸುವ ಕ್ರಮ, ಆಡಿಟ್ ಆಕ್ಷೇಪಣೆಗಳಿಗೆ ಉತ್ತರ ಬರೆಯುವ ರೀತಿ, ಬ್ಯಾಂಕಿನ ಲೆಕ್ಕ ತಾಳೆಯಾಗದಿದ್ದರೆ ಎಲ್ಲಿಂದ ಹುಡುಕಲು ತೊಡಗುತ್ತೇನೆ ಎಂಬಂಥ ಪ್ರಶ್ನೆಗಳಿಗೆ ನಾನು ಹೇಳಿದ್ದನ್ನೆಲ್ಲ ನಡುವೆ ಕುಳಿತಿದ್ದ ಹಿರಿಯರು ಶ್ರದ್ಧೆಯಿಂದ ಬರೆದುಕೊಳ್ಳುತ್ತಿದ್ದರು. ಆಮೇಲೆ ಅವರು ನನ್ನ ಅರ್ಜಿಯನ್ನು ಮಗುಚಿಟ್ಟು, ಪೆನ್ನಿಗೆ ಮುಚ್ಚಳ ಹಾಕಿ, "ಇನ್ನು ಸ್ವಲ್ಪ ನಿಮ್ಮ ಬಗ್ಗೆ ಹೇಳಿ" ಎಂದರು.

ನನ್ನ ಬಗ್ಗೆ ಎಂದರೆ ಮದುವೆಯಾಗಿ ಎಷ್ಟು ವರ್ಷವಾಯಿತು, ಮಕ್ಕಳೇಕೆ ಇನ್ನೂ ಇಲ್ಲ, ಯೋಚನೆಯಾದರೂ ಇದೆಯೇ, ಪತಿಗೆ ವರ್ಗಾವಣೆಯಾಗುವ ಕೆಲಸವೇ, ಅವರಿಗೆ ಸಂಬಳ ಎಷ್ಟು, ಮನೆಯಲ್ಲಿ ವಯಸ್ಸಾದವರಿದ್ದಾರೆಯೇ ಎಂಬುದೆಲ್ಲ. ನಗುನಗುತ್ತಲೇ ಕೇಳಿದರು, ಒರಟಾಗಿ ಏನೂ ಅನ್ನಲಿಲ್ಲ. ಮಕ್ಕಳ ಪ್ರಶ್ನೆಗೆ ನಾನು "ಸದ್ಯಕ್ಕೆ ಇಲ್ಲ" ಎಂದೆ. ಅದು ಪೂರ್ತಿ ನಿಜವೂ ಅಲ್ಲ, ಪೂರ್ತಿ ಸುಳ್ಳೂ ಅಲ್ಲ. ಹೊರಗೆ ಬಂದ ಮೇಲೆ ಅವರು ಕೇಳಿದ್ದಕ್ಕಿಂತ ನಾನು ಅಷ್ಟು ವಿಧೇಯಳಾಗಿ ಉತ್ತರ ಕೊಟ್ಟದ್ದಕ್ಕೇ ಹೆಚ್ಚು ಬೇಸರವಾಯಿತು. ಎರಡನೆಯ ಸುತ್ತಿಗೆ ಕರೆದಿದ್ದಾರೆ. ಅಲ್ಲಿ ಮತ್ತೆ ಇದೇ ಮಾತು ಬಂದರೆ ಏನು ಹೇಳಬೇಕು? ಕೆಲಸ ನನಗೆ ಬೇಕು ಎಂಬುದನ್ನು ಗಮನದಲ್ಲಿಟ್ಟುಕೊಂಡು ಹೇಳಿ.

ಹಳೆಯ ಕಡತ:

ಹದಿನೆಂಟು ವರ್ಷ ನೇಮಕಾತಿ ವಿಭಾಗದಲ್ಲಿದ್ದವನು ನಾನು. ಆದ್ದರಿಂದ ತಪ್ಪೊಪ್ಪಿಗೆಯಿಂದಲೇ ಆರಂಭಿಸುತ್ತೇನೆ. "35 ಮೀರಿರಬಾರದು" ಎಂಬ ಸಾಲನ್ನು ನಾನೇ ಎಷ್ಟೋ ಜಾಹೀರಾತುಗಳಲ್ಲಿ ಬರೆದಿದ್ದೇನೆ. ಒಮ್ಮೆ ಒಂದು ವಿಭಾಗದ ಮುಖ್ಯಸ್ಥರನ್ನು ಈ ಮಿತಿ ಏಕೆ ಬೇಕು ಎಂದು ಕೇಳಿದೆ. "ಹಿಂದಿನ ಜಾಹೀರಾತಿನಲ್ಲೂ ಹಾಗೇ ಇತ್ತಲ್ಲ" ಎಂದರು. ಹಿಂದಿನದನ್ನು ತೆಗೆದು ನೋಡಿದರೆ ಅದು ಅದರ ಹಿಂದಿನದರ ನಕಲು. ಹೀಗೆ ಕಡತ ಕೆದಕುತ್ತ ಹೋದಾಗ ಕೊನೆಗೆ ಸಿಕ್ಕಿದ್ದು ತರಬೇತಿ ಅಭ್ಯರ್ಥಿಗಳಿಗಾಗಿ ಎಂದೋ ಹೊರಡಿಸಿದ್ದ ಒಂದು ಪ್ರಕಟಣೆ. ಆ ಹುದ್ದೆಯೇ ರದ್ದಾಗಿತ್ತು, ಅದರ ವಯೋಮಿತಿ ಮಾತ್ರ ಬದುಕಿತ್ತು. ನನ್ನೊಡನೆ ಆ ಮಾತಾಡಿದ ಮುಖ್ಯಸ್ಥರಿಗೆ ಆಗ 52 ವರ್ಷ.

ಇನ್ನು ಆ ಪೆನ್ನಿನ ಮುಚ್ಚಳದ ವಿಷಯ. ನೀವು ಗಮನಿಸಿ ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಇಡೀ ವ್ಯವಹಾರದ ಗುಟ್ಟು ಅಲ್ಲಿದೆ. ಸಂದರ್ಶನ ಮಂಡಳಿ ಪ್ರತಿ ಅಭ್ಯರ್ಥಿಗೂ ಒಂದು ಅಂಕಪಟ್ಟಿ ತುಂಬುತ್ತದೆ. ಅದರಲ್ಲಿ ವಿಷಯಜ್ಞಾನ, ಅನುಭವ, ಸಂವಹನ ಎಂಬ ಕಲಂಗಳಿರುತ್ತವೆ. "ಮಗು ಯಾವಾಗ" ಎಂಬ ಕಲಂ ಇರುವುದಿಲ್ಲ. ಆದರೆ ಅಭ್ಯರ್ಥಿ ಹೊರಗೆ ಹೋದ ಮೇಲೆ ಯಾರಾದರೊಬ್ಬರು "ಚೆನ್ನಾಗಿ ಮಾತಾಡಿದರು, ಆದರೂ..." ಎನ್ನುತ್ತಾರೆ, ಮತ್ತು ಆ "ಆದರೂ" ಎಂಬುದು ಸಂವಹನದ ಕಲಂನಲ್ಲಿ ಎರಡು ಅಂಕ ಕಡಿಮೆಯಾಗಿ ಕಾಣಿಸಿಕೊಳ್ಳುತ್ತದೆ. ಬರೆದಿಡಲು ಹಿಂಜರಿಯುವ ಪ್ರಶ್ನೆಯನ್ನು ಕೇಳುವವರಿಗೆ ಅದು ಕೇಳಬಾರದ ಪ್ರಶ್ನೆ ಎಂದು ಗೊತ್ತಿಲ್ಲದಿರುವುದು ಅಪರೂಪ.

ತಕ್ಕಡಿ:

ಕಾನೂನು ಓದಿದವಳಾಗಿ ಕೆಲವು ಸಂಗತಿಗಳನ್ನು ಸೇರಿಸುತ್ತೇನೆ. ಉದ್ಯೋಗದಲ್ಲಿನ ತಾರತಮ್ಯದ ಬಗ್ಗೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 111ನೆಯ ಒಡಂಬಡಿಕೆ 1958ರಲ್ಲಿ ಅಂಗೀಕಾರವಾಯಿತು. ಭಾರತ ಅದನ್ನು 1960ರಲ್ಲಿ ಒಪ್ಪಿಕೊಂಡಿತು. ಜನಾಂಗ, ಬಣ್ಣ, ಲಿಂಗ, ಧರ್ಮ, ರಾಜಕೀಯ ಅಭಿಪ್ರಾಯ, ರಾಷ್ಟ್ರೀಯ ಅಥವಾ ಸಾಮಾಜಿಕ ಮೂಲದ ಆಧಾರದ ಮೇಲೆ ಅವಕಾಶ ತಪ್ಪಿಸುವುದನ್ನು ಅದು ತಾರತಮ್ಯ ಎನ್ನುತ್ತದೆ, ಆದರೆ ಆ ಕೆಲಸದ ಸ್ವರೂಪವೇ ಬೇಡುವ ಅರ್ಹತೆಯನ್ನು ಕೇಳಿದರೆ ಅದು ತಾರತಮ್ಯವಲ್ಲ ಎಂದೂ ಹೇಳುತ್ತದೆ. ಜಗಳವೆಲ್ಲ ಈ ಎರಡನೆಯ ಮಾತಿನ ಸುತ್ತಲೇ ನಡೆಯುವುದು: ಕೆಲಸದ ಸ್ವರೂಪ ಬೇಡುವುದು ಯಾವುದು, ಕೆಲಸ ಕೊಡುವವರ ಅಭ್ಯಾಸ ಬೇಡುವುದು ಯಾವುದು?

ನಮ್ಮವರದೇ ಒಂದು ಪ್ರಸಂಗವಿದೆ. ಕೊಡಗಿನ ಸಿ. ಬಿ. ಮುತ್ತಮ್ಮನವರು 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಸೇರುವಾಗ, ಮದುವೆಯಾದರೆ ರಾಜೀನಾಮೆ ಕೊಡುತ್ತೇನೆ ಎಂಬ ಮುಚ್ಚಳಿಕೆ ಬರೆದುಕೊಡಬೇಕಾಯಿತು. ಮದುವೆಗೆ ಸರ್ಕಾರದ ಅನುಮತಿ ಬೇಕು, ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗುವಂತಿದ್ದರೆ ಆಕೆ ಹುದ್ದೆ ಬಿಡಬೇಕಾಗಬಹುದು ಎಂಬ ನಿಯಮ ಮಹಿಳೆಯರಿಗೆ ಮಾತ್ರ ಇತ್ತು. ಬಡ್ತಿ ನಿರಾಕರಿಸಿದಾಗ ಅವರು ಸುಪ್ರೀಂ ಕೋರ್ಟಿಗೆ ಹೋದರು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಎತ್ತಿದ ಪ್ರಶ್ನೆ ಸರಳವಾಗಿತ್ತು. ಸಂಸಾರದ ಹೊಣೆ ಕೆಲಸಕ್ಕೆ ಅಡ್ಡಿಯಾಗುವುದಾದರೆ ಅದು ಗಂಡಸಿಗೂ ಆಗಬಹುದಲ್ಲವೇ? ಅಷ್ಟರಲ್ಲಿ ಸರ್ಕಾರವೇ ಅವರಿಗೆ ಬಡ್ತಿ ಕೊಟ್ಟು, ನಿಯಮಗಳನ್ನು ಕೈಬಿಡುತ್ತಿರುವುದಾಗಿ ತಿಳಿಸಿತ್ತು.

ಅಮೆರಿಕದಲ್ಲಿ ಇದೇ ತರ್ಕ 1971ರಲ್ಲೇ ಗೆದ್ದಿತ್ತು. ಶಾಲೆಗೆ ಸೇರುವ ವಯಸ್ಸಾಗದ ಮಕ್ಕಳಿರುವ ತಾಯಂದಿರ ಅರ್ಜಿಯನ್ನೇ ತೆಗೆದುಕೊಳ್ಳದೆ, ಅಂಥದೇ ಮಕ್ಕಳಿರುವ ತಂದೆಯರನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತಿದ್ದ ಕಂಪನಿಯೊಂದರ ವಿರುದ್ಧ ಐಡಾ ಫಿಲಿಪ್ಸ್ ಎಂಬಾಕೆ ಹೂಡಿದ ದಾವೆಯಲ್ಲಿ, ಗಂಡಸರಿಗೊಂದು ನೀತಿ ಹೆಂಗಸರಿಗೊಂದು ನೀತಿ ಸಲ್ಲದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು.

ಹನ್ನೆರಡು ಕುರ್ಚಿ:

ಇಲ್ಲಿ ಯಾರೂ ಹೇಳದ ಮಾತನ್ನು ನಾನು ಹೇಳುತ್ತೇನೆ, ಬೈದರೂ ಚಿಂತೆಯಿಲ್ಲ. ನನ್ನದು ಹನ್ನೆರಡು ಮಂದಿ ಇರುವ ಸಣ್ಣ ಸಂಸ್ಥೆ. ನಾನೂ ಈ ಪ್ರಶ್ನೆ ಕೇಳಿದ್ದೇನೆ, ಅದಕ್ಕೆ ಕಾರಣ ಹೆಂಗಸರ ಮೇಲಿನ ತಾತ್ಸಾರವಲ್ಲ. ಭಾರತದಲ್ಲಿ 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು, ಸಂತೋಷ. ನೌಕರರ ರಾಜ್ಯ ವಿಮಾ ಯೋಜನೆಯ (ಇಎಸ್‌ಐ) ವ್ಯಾಪ್ತಿಯಲ್ಲಿ ಇಲ್ಲದ ಉದ್ಯೋಗಿಯಾದರೆ ಆ ಅವಧಿಯ ಸಂಬಳವನ್ನು ಪೂರ್ತಿಯಾಗಿ ಕೊಡಬೇಕಾದವನು ನಾನು. ಅದೇ ಹೊತ್ತಿನಲ್ಲಿ ಅವರ ಜಾಗಕ್ಕೆ ಬಂದವರಿಗೂ ಸಂಬಳ ಕೊಡಬೇಕು. ಸಾವಿರ ಜನರಿರುವ ಕಂಪನಿಗೆ ಇದು ಲೆಕ್ಕದಲ್ಲಿ ಕಾಣುವುದೇ ಇಲ್ಲ, ನನಗೆ ಅದು ಒಂದು ವರ್ಷದ ಲಾಭವೇ ಆಗಬಹುದು. ಮುಂದೆ ಬರುವ ಖರ್ಚನ್ನು ಮೊದಲೇ ತಿಳಿಯಲು ಬಯಸುವುದು ಅಪರಾಧವೇ?

ತಕ್ಕಡಿ:

ಹನ್ನೆರಡು ಕುರ್ಚಿಯವರೇ, ನಿಮ್ಮ ಮಾತಿನಲ್ಲಿ ಅರ್ಧ ನಿಜವಿದೆ, ಅದನ್ನು ಒಪ್ಪುತ್ತೇನೆ. ಹೆರಿಗೆಯ ಅವಧಿಯ ಸಂಬಳದ ನೇರ ಹೊರೆಯನ್ನು ಒಬ್ಬೊಬ್ಬ ಮಾಲೀಕನ ಮೇಲೆ ಪ್ರತ್ಯೇಕವಾಗಿ ಹೇರಬಾರದು, ಕಡ್ಡಾಯ ಸಾಮಾಜಿಕ ವಿಮೆಯಿಂದಲೋ ಸಾರ್ವಜನಿಕ ನಿಧಿಯಿಂದಲೋ ಭರಿಸಬೇಕು ಎಂಬುದು ಕಾರ್ಮಿಕ ಸಂಸ್ಥೆಯ 2000ದ ಇಸವಿಯ 183ನೆಯ ಒಡಂಬಡಿಕೆಯ ನಿಲುವು. ಹೊರೆಯನ್ನು ನಿಮ್ಮೊಬ್ಬರ ಹೆಗಲಿಗೆ ಹಾಕಿದರೆ ನೀವು ಅದನ್ನು ಸಂದರ್ಶನಕ್ಕೆ ಬಂದ ಹೆಣ್ಣುಮಗಳ ಹೆಗಲಿಗೆ ದಾಟಿಸುತ್ತೀರಿ ಎಂದು ಬಲ್ಲವರೇ ಅದನ್ನು ಬರೆದದ್ದು. ಆದ್ದರಿಂದ ನಿಮ್ಮ ತಕರಾರು ಸಲ್ಲಬೇಕಾದದ್ದು ಶಾಸನ ಮಾಡುವವರಲ್ಲಿ. ಎದುರು ಕುಳಿತ ಅಭ್ಯರ್ಥಿ ಆ ಕಾನೂನನ್ನು ಬರೆದವಳಲ್ಲ.

ನೇಮಕಾತಿಯಲ್ಲೇ ಲಿಂಗದ ಆಧಾರದ ಮೇಲೆ ತಾರತಮ್ಯ ಮಾಡಬಾರದು ಎಂದು ಭಾರತದ ಸಮಾನ ವೇತನ ಕಾಯ್ದೆ 1976ರಷ್ಟು ಹಿಂದೆಯೇ ಹೇಳಿತ್ತು. 2019ರ ವೇತನ ಸಂಹಿತೆಯಲ್ಲೂ ಆ ನಿಷೇಧವಿದೆ. ಚೀನಾದಲ್ಲಿ 2019ರಲ್ಲಿ ಒಂಬತ್ತು ಸರ್ಕಾರಿ ಇಲಾಖೆಗಳು ಒಟ್ಟಾಗಿ, ಮಹಿಳಾ ಅಭ್ಯರ್ಥಿಗಳ ಮದುವೆ ಮತ್ತು ಹೆರಿಗೆಯ ಬಗ್ಗೆ ವಿಚಾರಿಸಬಾರದೆಂದು ಸೂಚನೆ ಹೊರಡಿಸಿದವು. ಎಲ್ಲ ಕಡೆಯೂ ಕೇಳುತ್ತಾರೆ, ಆದ್ದರಿಂದಲೇ ಎಲ್ಲ ಕಡೆಯೂ ನಿಷೇಧ ಬರೆಯಬೇಕಾಗಿದೆ.

ಹಳೆಯ ಕಡತ:

ಹನ್ನೆರಡು ಕುರ್ಚಿಯವರೇ, ಅನುಭವದಿಂದ ಒಂದು ಮಾತು. ನೀವು ಬಯಸಿದ ಮಾಹಿತಿ ಆ ಪ್ರಶ್ನೆಯಿಂದ ಸಿಗುವುದೇ ಇಲ್ಲ. ಮಗು ಯಾವಾಗ ಆಗುತ್ತದೆಂದು ಆಕೆಗೇ ಗೊತ್ತಿರುವುದಿಲ್ಲ. "ಮದುವೆಯಾಗದ ಹುಡುಗ, ಚಿಂತೆಯಿಲ್ಲ" ಎಂದು ನಾವು ಆರಿಸಿಕೊಂಡವನು ನಾಲ್ಕೇ ತಿಂಗಳಲ್ಲಿ ಹೆಚ್ಚು ಸಂಬಳದ ಆಫರ್ ಲೆಟರ್ ಹಿಡಿದು ಹೊರಟುಹೋದ. ಅವನನ್ನು "ಬೇರೆ ಕಡೆಗೆ ಅರ್ಜಿ ಹಾಕುವ ಯೋಚನೆ ಇದೆಯೇ" ಎಂದು ನಾವ್ಯಾರೂ ಕೇಳಿರಲಿಲ್ಲ.

ಊರುಗೋಲು:

ಜಾಹೀರಾತಿನ ಷರತ್ತುಗಳ ಬಗ್ಗೆ ನನ್ನದೂ ಒಂದು ಕಥೆಯಿದೆ. ಭಾಷಾಂತರ ಮತ್ತು ಕರಡು ತಿದ್ದುವ ಕೆಲಸ. ದಿನವಿಡೀ ಮೇಜಿನ ಮುಂದೆ ಕುಳಿತು ಮಾಡುವಂಥದ್ದು. ಅರ್ಹತೆಗಳ ಪಟ್ಟಿಯಲ್ಲಿ "ದ್ವಿಚಕ್ರ ವಾಹನ ಚಾಲನಾ ಪರವಾನಗಿ" ಎಂದಿತ್ತು, ಅದರ ಕೆಳಗೆ "ದೈಹಿಕವಾಗಿ ಸದೃಢರಾಗಿರಬೇಕು" ಎಂದಿತ್ತು. ಪರವಾನಗಿ ಏಕೆ ಎಂದು ಫೋನಿನಲ್ಲಿ ಕೇಳಿದೆ. ಎಂದಾದರೊಮ್ಮೆ ಮುದ್ರಣಾಲಯಕ್ಕೆ ಹೋಗಬೇಕಾದೀತು ಎಂದರು. ಎಂದಾದರೊಮ್ಮೆಯ ಆ ಪಯಣಕ್ಕಾಗಿ ನನ್ನಂಥವರೆಲ್ಲ ಅರ್ಜಿ ಹಾಕುವ ಮೊದಲೇ ಹೊರಗುಳಿಯುತ್ತೇವೆ. ಆದರೂ ಅರ್ಜಿ ಹಾಕಿದೆ, ಕರೆದರು. ಸಂದರ್ಶನ ಮೂರನೆಯ ಮಹಡಿಯಲ್ಲಿ, ಲಿಫ್ಟ್ ಕೆಟ್ಟಿತ್ತು. ನಾನು ಒಳಗೆ ಹೋಗಿ ಊರುಗೋಲನ್ನು ಕುರ್ಚಿಗೆ ಒರಗಿಸುತ್ತಿದ್ದಂತೆ ಬಂದ ಮೊದಲ ಪ್ರಶ್ನೆ: "ಹೇಗೆ ಹತ್ತಿ ಬಂದಿರಿ?" ಎರಡನೆಯದು: "ಹುಟ್ಟಿನಿಂದಲೇ ಹೀಗೆಯೋ?" ನಾನು ಮಾದರಿಗಾಗಿ ಒಯ್ದಿದ್ದ ಅನುವಾದದ ಹಾಳೆಗಳು ಮೇಜಿನ ಮೇಲೆಯೇ ಇದ್ದವು. ನಾನು ಎದ್ದು ಬರುವವರೆಗೂ ಅವುಗಳಿಗೆ ಹಾಕಿದ್ದ ಕ್ಲಿಪ್ ಬಿಚ್ಚಿರಲಿಲ್ಲ.

ಬ್ರಿಟನ್ನಿನ 2010ರ ಸಮಾನತಾ ಕಾಯ್ದೆ ಈ ವಿಷಯದಲ್ಲಿ ನನಗೆ ಹಿಡಿಸಿದ್ದು. ಕೆಲವು ಅಪವಾದಗಳನ್ನು ಬಿಟ್ಟರೆ, ಕೆಲಸ ಕೊಡುತ್ತೇವೆಂದು ಹೇಳುವ ಮೊದಲು ಆರೋಗ್ಯದ ಬಗ್ಗೆಯಾಗಲಿ ಅಂಗವೈಕಲ್ಯದ ಬಗ್ಗೆಯಾಗಲಿ ಕೇಳುವಂತಿಲ್ಲ. ಸಂದರ್ಶನಕ್ಕೆ ಬರಲು ನಿಮಗೇನಾದರೂ ಅನುಕೂಲ ಮಾಡಿಕೊಡಬೇಕೇ ಎಂದು ಕೇಳಬಹುದು. ಆ ಒಂದು ಪ್ರಶ್ನೆಯನ್ನು ಮೊದಲೇ ಕೇಳಿದ್ದರೆ ನಾನು ಮೂರು ಮಹಡಿ ಹತ್ತುತ್ತಿರಲಿಲ್ಲ.

ತಕ್ಕಡಿ:

ಊರುಗೋಲು ಅವರೇ, ನೀವು ಹೇಳಿದ ಪರವಾನಗಿಯಂಥ ಷರತ್ತುಗಳದೇ ಒಂದು ಜಾತಿ. ಮೇಲುನೋಟಕ್ಕೆ ಎಲ್ಲರಿಗೂ ಒಂದೇ ನಿಯಮ, ಪರಿಣಾಮದಲ್ಲಿ ಕೆಲವರನ್ನಷ್ಟೇ ಸೋಸುವ ಜರಡಿ. ಅಮೆರಿಕದ ವಿದ್ಯುತ್ ಕಂಪನಿಯೊಂದು ಒಳ್ಳೆಯ ಹುದ್ದೆಗಳಿಗೆಲ್ಲ ಪ್ರೌಢಶಾಲಾ ಪ್ರಮಾಣಪತ್ರವನ್ನೂ ಬುದ್ಧಿಶಕ್ತಿಯ ಪರೀಕ್ಷೆಯನ್ನೂ ಕಡ್ಡಾಯ ಮಾಡಿದಾಗ, ಶಿಕ್ಷಣದಲ್ಲಿ ಹಿಂದಿನಿಂದಲೂ ವಂಚಿತರಾಗಿದ್ದ ಕಪ್ಪು ಜನರು ಹೊರಗುಳಿದರು. ಕೆಲಸದ ನಿರ್ವಹಣೆಗೆ ಸಂಬಂಧವಿದೆಯೆಂದು ತೋರಿಸಲಾಗದ ಅರ್ಹತೆಯನ್ನು, ಉದ್ದೇಶ ಕೆಟ್ಟದ್ದಲ್ಲದಿದ್ದರೂ, ಇಟ್ಟುಕೊಳ್ಳುವಂತಿಲ್ಲ ಎಂದು 1971ರ ಗ್ರಿಗ್ಸ್ ತೀರ್ಪು ಹೇಳಿತು. 1977ರಲ್ಲಿ ಅಲಬಾಮಾದ ಸೆರೆಮನೆ ಕಾವಲುಗಾರರ ಪ್ರಕರಣ ಬಂತು. ಕನಿಷ್ಠ 5 ಅಡಿ 2 ಅಂಗುಲ ಎತ್ತರ, 120 ಪೌಂಡ್ ತೂಕ ಇರಬೇಕೆಂಬ ನಿಯಮದಿಂದ ಹೆಂಗಸರಲ್ಲಿ ಶೇ. 41ರಷ್ಟು ಮಂದಿ ಅನರ್ಹರಾಗುತ್ತಿದ್ದರು, ಗಂಡಸರಲ್ಲಿ ಶೇ. 1ಕ್ಕಿಂತ ಕಡಿಮೆ. ಕಾವಲು ಕೆಲಸಕ್ಕೆ ಬೇಕಾದದ್ದು ಬಲವಾದರೆ ಬಲವನ್ನೇ ಪರೀಕ್ಷಿಸಿ, ಎತ್ತರವನ್ನೇಕೆ ಅಳೆಯುತ್ತೀರಿ ಎಂಬುದು ತೀರ್ಪಿನ ಸಾರ. ಅದೇ ತೀರ್ಪು ಗಂಡಸರ ಕಟ್ಟುನಿಟ್ಟಿನ ಸೆರೆಮನೆಗಳೊಳಗೆ ಕೈದಿಗಳ ನಡುವೆ ನಿಲ್ಲುವ ಕಾವಲಿಗೆ ಗಂಡಸರನ್ನೇ ನೇಮಿಸಲು ಅವಕಾಶ ಕೊಟ್ಟಿತು. ಆ ಭಾಗ ಇಂದಿಗೂ ಚರ್ಚೆಯಲ್ಲಿದೆ, ನನಗೂ ಅದು ಸರಿಯೆನ್ನಿಸಿಲ್ಲ.

ವಯಸ್ಸಿನ ವಿಷಯದಲ್ಲಿ ಮಾತ್ರ ನಾವು ಹಿಂದೆ ಇದ್ದೇವೆ. ಅಮೆರಿಕದಲ್ಲಿ 40 ದಾಟಿದವರಿಗೆ 1967ರಿಂದಲೂ ಪ್ರತ್ಯೇಕ ಕಾನೂನಿನ ರಕ್ಷಣೆಯಿದೆ. ಭಾರತದ ಖಾಸಗಿ ಉದ್ಯೋಗದಲ್ಲಿ "35 ಮೀರಿರಬಾರದು" ಎಂದು ಬರೆಯುವುದನ್ನು ತಡೆಯುವ ಸಾಮಾನ್ಯ ಕಾನೂನು ಇಲ್ಲ.

ರಾತ್ರಿ ಪಾಳಿ:

ಗಂಡಸಾದ ನನಗೂ ಇದರ ಬಿಸಿ ತಟ್ಟಿದೆ. ತಂದೆಯವರು ಹಾಸಿಗೆ ಹಿಡಿದಾಗ ಹದಿನಾಲ್ಕು ತಿಂಗಳು ಕೆಲಸ ಬಿಟ್ಟಿದ್ದೆ. ರೆಸ್ಯೂಮೆಯಲ್ಲಿ ಅದನ್ನು ಮುಚ್ಚಿಡದೆ ಬರೆದೆ. ಸಂದರ್ಶಕರು ಓದಿ, ನಿಜವಾಗಿಯೂ ಆಶ್ಚರ್ಯಪಟ್ಟು, "ಮನೆಯಲ್ಲಿ ಹೆಂಗಸರು ಯಾರೂ ಇರಲಿಲ್ಲವೇ?" ಎಂದರು. ಒಂದೇ ಪ್ರಶ್ನೆಯಲ್ಲಿ ನನ್ನನ್ನೂ ನನ್ನ ತಂಗಿಯನ್ನೂ ಹೀಗೆ ಒಟ್ಟಿಗೆ ಅಳೆದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಆಮೇಲೆ ಹಳೆಯ ಕಂಪನಿಯ ಮೂರು ತಿಂಗಳ ಸ್ಯಾಲರಿ ಸ್ಲಿಪ್ ಕೇಳಿದರು. ಮೊದಲ ಕೆಲಸದಲ್ಲಿ ಕಡಿಮೆ ಸಂಬಳಕ್ಕೆ ಒಪ್ಪಿಕೊಂಡವನು ಜೀವಮಾನವಿಡೀ ಆ ಅಂಕಿಯ ಮೇಲೆಯೇ ಶೇಕಡಾ ಇಷ್ಟು ಎಂದು ಏರುತ್ತ ಹೋಗಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯ 2016ರಲ್ಲೇ ಇದನ್ನು ತಡೆಯುವ ಕಾನೂನು ಮಾಡಿದೆ. ಐರೋಪ್ಯ ಒಕ್ಕೂಟದ 2023ರ ನಿರ್ದೇಶನವೂ ಹಳೆಯ ಸಂಬಳ ಕೇಳುವುದನ್ನು ನಿಷೇಧಿಸಿ, ಹೊಸ ಹುದ್ದೆಯ ಸಂಬಳದ ಮಿತಿಯನ್ನು ಮೊದಲೇ ತಿಳಿಸಬೇಕೆನ್ನುತ್ತದೆ.

ಲೆಕ್ಕದ ಪುಸ್ತಕ:

ಎಲ್ಲರಿಗೂ ಧನ್ಯವಾದಗಳು. ಓದಿ ಧೈರ್ಯ ಬಂತು, ಆದರೆ ಮೂಲ ಪ್ರಶ್ನೆ ಹಾಗೇ ಉಳಿದಿದೆ. ಆ ಕುರ್ಚಿಯಲ್ಲಿ ಕುಳಿತಾಗ ತೀರ್ಪುಗಳನ್ನು ಓದಿ ಹೇಳಲಾಗುವುದಿಲ್ಲವಲ್ಲ. ಸುಮ್ಮನೆ "ಇಲ್ಲ" ಎಂದು ಸುಳ್ಳು ಹೇಳಿದರೆ ಏನಾಗುತ್ತದೆ?

ತಕ್ಕಡಿ:

ಅದು ಯಾವ ದೇಶ ಎಂಬುದರ ಮೇಲೆ ಹೋಗುತ್ತದೆ. ಕೇಳಬಾರದ ಪ್ರಶ್ನೆಗೆ, ಉದಾಹರಣೆಗೆ ಗರ್ಭಿಣಿಯೇ ಎಂಬುದಕ್ಕೆ, ಅಭ್ಯರ್ಥಿ ಸುಳ್ಳು ಹೇಳಿದರೂ ಅದರ ಮೇಲೆ ಕೆಲಸ ಕಳೆಯುವಂತಿಲ್ಲ ಎಂಬುದನ್ನು ಜರ್ಮನಿಯ ಕಾರ್ಮಿಕ ನ್ಯಾಯಾಲಯಗಳು ಒಪ್ಪಿವೆ. ಮೌನ ವಹಿಸುವ ಹಕ್ಕು ಮಾತ್ರ ಇದ್ದರೆ ಸಾಲದು, ಏಕೆಂದರೆ ಇಂಥ ಕಡೆ ಮೌನವನ್ನೇ "ಹೌದು" ಎಂದು ಓದಿಕೊಳ್ಳುತ್ತಾರೆ.

ಭಾರತದ ನೀರಾ ಮಾಥುರ್ ಪ್ರಕರಣ ಇದಕ್ಕೆ ಹತ್ತಿರದ್ದು. ಜೀವ ವಿಮಾ ನಿಗಮಕ್ಕೆ ಆಯ್ಕೆಯಾದ ಈಕೆ ತುಂಬಬೇಕಾಗಿದ್ದ ನಮೂನೆಯಲ್ಲಿ ಮುಟ್ಟಿನ ಕೊನೆಯ ದಿನಾಂಕ, ಎಷ್ಟು ಬಾರಿ ಗರ್ಭ ಧರಿಸಿದ್ದರು, ಗರ್ಭಪಾತವಾಗಿತ್ತೇ ಎಂಬ ಕಲಂಗಳಿದ್ದವು. ಸೇರಿದ ಮೇಲೆ ಹೆರಿಗೆ ರಜೆ ತೆಗೆದುಕೊಂಡರು. ಪ್ರೊಬೇಷನ್ ಅವಧಿಯಲ್ಲೇ ಅವರನ್ನು ತೆಗೆದುಹಾಕಿ, ನಮೂನೆಯಲ್ಲಿ ಸುಳ್ಳು ಮಾಹಿತಿ ಕೊಟ್ಟಿದ್ದಾರೆ ಎಂದು ನಿಗಮ ವಾದಿಸಿತು. ಸುಪ್ರೀಂ ಕೋರ್ಟ್ 1991ರಲ್ಲಿ ಅವರನ್ನು ಮರಳಿ ಕೆಲಸಕ್ಕೆ ಸೇರಿಸಿಕೊಳ್ಳುವಂತೆ ಆದೇಶಿಸಿ, ಆ ಕಲಂಗಳನ್ನೇ ತೆಗೆದುಹಾಕಲು ಹೇಳಿತು. ಗೆದ್ದರು ನಿಜ. ಆದರೆ ಅವರು ಸುಪ್ರೀಂ ಕೋರ್ಟಿನವರೆಗೆ ಹೋಗಬೇಕಾಯಿತು. ಆದ್ದರಿಂದ ಬಾಯಿಮಾತಿನಲ್ಲಾಗಲಿ ಬರವಣಿಗೆಯಲ್ಲಾಗಲಿ ಸುಳ್ಳನ್ನು ನಾನು ಸಲಹೆಯಾಗಿ ಕೊಡಲಾರೆ.

ಹಳೆಯ ಕಡತ:

ನನ್ನ ಸಲಹೆ ಇಷ್ಟು. ಪ್ರಶ್ನೆಯ ಹಿಂದೆ ಇರುವ ಅಳುಕು ಯಾವುದೆಂದು ನೋಡಿ, ಅದನ್ನು ಕೆಲಸದ ಭಾಷೆಗೆ ತಿರುಗಿಸಿ ಅವರ ಮುಂದಿಡಿ. "ಈ ಹುದ್ದೆಗೆ ವರ್ಷಾಂತ್ಯದಲ್ಲಿ ತಡರಾತ್ರಿಯ ಕೆಲಸವೋ, ಶಾಖೆಗಳ ಪ್ರವಾಸವೋ ಬೇಕಾಗಬಹುದೆಂದು ನೀವು ಕೇಳುತ್ತಿದ್ದೀರಿ ಎಂದುಕೊಳ್ಳುತ್ತೇನೆ. ತಿಂಗಳಿಗೆ ಎಷ್ಟು ದಿನ ಎಂದು ತಿಳಿಸಿದರೆ ನನ್ನಿಂದ ಆಗುತ್ತದೆಯೇ ಎಂದು ಖಚಿತವಾಗಿ ಹೇಳುತ್ತೇನೆ." ಧ್ವನಿ ಏರಿಸಬೇಡಿ, ಕ್ಷಮೆಯನ್ನೂ ಕೇಳಬೇಡಿ. ಮನೆಗೆ ಬಂದ ಕೂಡಲೇ ದಿನಾಂಕ, ಹೊತ್ತು, ಯಾರು ಯಾವ ಮಾತು ಕೇಳಿದರು ಎಂಬುದನ್ನು ಬರೆದಿಟ್ಟುಕೊಳ್ಳಿ. ಅವರು ಬರೆಯದಿದ್ದರೆ ನೀವಾದರೂ ಬರೆಯಿರಿ.

ಊರುಗೋಲು:

ಸಲಹೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೂ ನೋಡಿ, ತಪ್ಪು ಪ್ರಶ್ನೆ ಕೇಳಿದವರ ಮುಖ ಕೆಡದಂತೆ ನೋಡಿಕೊಳ್ಳುವ ಜಾಣತನವನ್ನೂ ಕೆಲಸ ಬೇಕಾದವರೇ ಕಲಿಯಬೇಕು. ದಕ್ಷಿಣ ಕೊರಿಯಾದಲ್ಲಿ 2019ರಿಂದ, ಕೆಲಸಕ್ಕೆ ಸಂಬಂಧವಿಲ್ಲದಿದ್ದರೆ, ಅರ್ಜಿದಾರರ ಎತ್ತರ, ತೂಕ, ಹುಟ್ಟೂರು, ಮದುವೆ, ಆಸ್ತಿ, ತಂದೆತಾಯಿಯ ಉದ್ಯೋಗ ಇವನ್ನು ಕೇಳಿದ ಸಂಸ್ಥೆಗೆ ದಂಡ ಬೀಳುತ್ತದೆ. ಅಲ್ಲಿ ಜಾಣತನ ಕಲಿಯಬೇಕಾದವರು ಮೇಜಿನ ಆಚೆ ಬದಿಯವರು.

ಹಳೆಯ ಕಡತ:

ಅದು ನಿಜ. ಪಾಶ್ಚಾತ್ಯ ವಾದ್ಯವೃಂದಗಳಲ್ಲಿ ಕಲಾವಿದರನ್ನು ಪರದೆಯ ಹಿಂದೆ ನಿಲ್ಲಿಸಿ ನುಡಿಸಲು ಹೇಳುವ ಪದ್ಧತಿಯಿದೆ. ನಡೆದು ಬರುವಾಗ ಪಾದರಕ್ಷೆಯ ಸದ್ದಿನಿಂದಲೇ ಹೆಣ್ಣು ಗಂಡು ತಿಳಿದುಬಿಡುತ್ತದೆಂದು ಕೆಲವು ಕಡೆ ಜಮಖಾನವನ್ನೂ ಹಾಸಿದರಂತೆ. ನಾವು ಅಷ್ಟು ದೂರ ಹೋಗಬೇಕಿಲ್ಲ. ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಂಡು ಎಲ್ಲರಿಗೂ ಅವನ್ನೇ ಕೇಳಿದರೆ ಸಾಕು. ನನ್ನ ಕೊನೆಯ ಮೂರು ವರ್ಷ ಹಾಗೆ ಮಾಡಿಸಿದೆ. ಮೊದಲ ತಿಂಗಳು ಮಂಡಳಿಯವರೆಲ್ಲ ಗೊಣಗಿದರು.

ಹನ್ನೆರಡು ಕುರ್ಚಿ:

ಸಂಬಳದ ಹೊರೆಯ ಬಗ್ಗೆ ನಾನು ಆಡಿದ ಮಾತನ್ನು ಹಿಂತೆಗೆದುಕೊಳ್ಳುವುದಿಲ್ಲ. ಪ್ರವಾಸದ ಪ್ರಶ್ನೆಯನ್ನು ಜಾಹೀರಾತಿನಲ್ಲೇ "ತಿಂಗಳಿಗೆ ಆರು ದಿನ" ಎಂದು ಬರೆದುಬಿಡಬಹುದು ಎಂಬುದು ಮಾತ್ರ ಹೊಳೆದಿರಲಿಲ್ಲ.

ಲೆಕ್ಕದ ಪುಸ್ತಕ:

ಎರಡನೆಯ ಸುತ್ತು ಮುಗಿಯಿತು. ಅದೇ ಹಿರಿಯರು, ಅದೇ ಪೆನ್ನು. "ಮನೆಯ ಕಡೆ ಏನೂ ತೊಂದರೆ ಇಲ್ಲವಷ್ಟೆ?" ಎಂದು ಶುರುಮಾಡಿದರು. ನಾನು ಕಲಿತುಕೊಂಡು ಹೋಗಿದ್ದ ಮಾತನ್ನು ಹೇಳಿದೆ. ನಡುವೆ ಒಮ್ಮೆ ತೊದಲಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಪ್ರವಾಸವೇನೂ ಇಲ್ಲ, ಮಾರ್ಚ್ ಮತ್ತು ಏಪ್ರಿಲ್ ತಿಂಗಳಲ್ಲಿ ತಡವಾಗುತ್ತದೆ ಎಂದರು. ಆಗುತ್ತದೆ ಎಂದೆ. ಪಕ್ಕದಲ್ಲಿದ್ದ ಅಧಿಕಾರಿ, ಮೊದಲ ಸುತ್ತಿನಲ್ಲಿ ಒಂದು ಮಾತೂ ಆಡದಿದ್ದವರು, ಅದನ್ನು ಬರೆದುಕೊಂಡರು. ಉತ್ತರ ಇನ್ನೂ ಬಂದಿಲ್ಲ.

ಹೊರಗೆ ಬೆಂಚಿನ ಮೇಲೆ ಅದೇ ಹುದ್ದೆಗೆ ಬಂದಿದ್ದ ಇನ್ನೊಬ್ಬರಿದ್ದರು, ನನ್ನದೇ ವಯಸ್ಸಿನ ಗಂಡಸು, ಮೂರು ವರ್ಷದ ಮಗಳ ಫೋಟೋ ಫೋನಿನ ಪರದೆಯ ಮೇಲಿತ್ತು. ಬಸ್ಸಿಗೆ ಹೊತ್ತಿದ್ದುದರಿಂದ ಅವರು ಬರುವವರೆಗೂ ಕಾದೆ. ಏನು ಕೇಳಿದರು ಎಂದು ವಿಚಾರಿಸಿದೆ. ಆಡಿಟ್ ಆಕ್ಷೇಪಣೆ, ಬ್ಯಾಂಕಿನ ತಾಳೆ, ನೋಟಿಸ್ ಪಿರಿಯಡ್ ಎಷ್ಟು ದಿನ ಎಂದರು. "ಮತ್ತೆ ಮನೆಯ ವಿಷಯ?" ಎಂದೆ. ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ.